ನನ್ನ ಟೈಪ್‌ರೈಟರಿಗೆ ನಾನು ಹಾಕಿದ ಬೀಗ

ಕುರ್ಚಿಯಿಂದ ಎದ್ದು ಹೋದವನಿಗೆ ಈ ಭೂಮಿಯ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ ಎಂಬ ಸತ್ಯ ನನಗೆ ತಿಳಿದದ್ದು ಸರಕಾರಿ ನೌಕರಿಗೆ ಸೇರಿದ ಮೇಲೆ. ಅದಕ್ಕೆ ಮೊದಲು ಮನುಷ್ಯಜಾತಿಯ ಬಗ್ಗೆ ನನ್ನ ಅಭಿಪ್ರಾಯ ತಕ್ಕಮಟ್ಟಿಗೆ ಒಳ್ಳೆಯದೇ ಇತ್ತು. ಒಬ್ಬನ ಹಲ್ಲುಪುಡಿಯ ಡಬ್ಬಿಗೆ ಇನ್ನೊಬ್ಬ ಬೆರಳು ಹಾಕುವುದಿಲ್ಲ. ಊಟದ ಪಂಕ್ತಿಯಲ್ಲಿ ಕೆಮ್ಮು ಬಂದು ಎದ್ದವನ ಎಲೆಯ ಮುಂದೆ ಬೇರೊಬ್ಬ ಕೂತು ಅವನ ಪಾಯಸ ಮುಗಿಸುವುದಿಲ್ಲ. ಅರ್ಧ ಗಡ್ಡ ಬೋಳಿಸಿಕೊಂಡವನು ಸೀನಲೆಂದು ಹೊರಗೆ ಹೋದರೆ, ಉಳಿದರ್ಧವನ್ನು ತನ್ನ ಮುಖದ ಮೇಲೆ ಮುಂದುವರಿಸು ಎಂದು ಯಾವ ಮಹಾಶಯನೂ ಕ್ಷೌರಿಕನ ಮುಂದೆ ಬಂದು ಕೂರುವುದಿಲ್ಲ. ಇಷ್ಟೆಲ್ಲ ಸಭ್ಯತೆಯನ್ನು ಸಾವಿರಾರು ವರ್ಷಗಳಲ್ಲಿ ಕಲಿತ ನಮ್ಮ ಜನ, ಟೈಪ್‌ರೈಟರ್ ಎಂಬ ಯಂತ್ರದ ಮುಂದಿನ ಕುರ್ಚಿ ಖಾಲಿಯಾದದ್ದು ಕಂಡೊಡನೆ ಅದನ್ನೆಲ್ಲ ಮರೆತು ಕಾಡುಮನುಷ್ಯರಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಇಳಿಸಿಕೊಳ್ಳುವ ಇಚ್ಛೆಯೂ ನನಗಿಲ್ಲ.

ನಮ್ಮ ಜಿಲ್ಲೆ ಮುಂಬೈ ಸರಕಾರವನ್ನು ಬಿಟ್ಟು ಮೈಸೂರು ಸರಕಾರಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಹೊನ್ನಾವರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಟೈಪಿಸ್ಟನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಶರಾವತಿಯಲ್ಲಿ ದೋಣಿ ನಿಲ್ಲುವ ಧಕ್ಕೆಯಿಂದ ದೋಣಿಯವನು ಕೂಗಿದರೆ ನಮ್ಮ ಮೇಜಿಗೆ ಕೇಳುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಕುಮಟೆಯ ಒಂದು ಅಟ್ಟದ ಮೇಲಿನ ಟೈಪಿಂಗ್ ಕ್ಲಾಸಿನಲ್ಲಿ, ಅಕ್ಷರದ ಗುಂಡಿಗಳ ಮೇಲೆ ಕರವಸ್ತ್ರ ಹೊದಿಸಿ, ನೋಡದೆಯೇ ಹೊಡೆಯುವುದನ್ನು ಕಲಿತವನು ನಾನು. ನೋಡಿ ಹೊಡೆಯುವವರನ್ನು ಕಂಡರೆ ನನಗೆ, ಸಂಗೀತಗಾರನಿಗೆ ತಮಟೆಯವನನ್ನು ಕಂಡಂತೆ ಆಗುತ್ತಿತ್ತು. ಯಂತ್ರ ಸರಕಾರದ್ದು, ನಿಜ. ಆದರೆ ದಿನಾ ಬೆಳಿಗ್ಗೆ ಅದರ ಹಲ್ಲು ತಿಕ್ಕಿ, ಎಣ್ಣೆ ಹಾಕಿ, ಮೈ ಒರೆಸುವವನು ನಾನು. ನನ್ನ ಮಗನ ಮೂಗನ್ನು ಕೂಡ ನಾನು ಅಷ್ಟು ಶ್ರದ್ಧೆಯಿಂದ ಒರೆಸಿದ್ದಿಲ್ಲ.

ಇಂಥ ಯಂತ್ರವನ್ನು ಬಿಟ್ಟು ನಾನು ಚಾ ಕುಡಿಯಲು ಎದ್ದರೆ ಆಯಿತು. ಮರಳಿ ಬರುವಷ್ಟರಲ್ಲಿ ನಮ್ಮ ಹೆಡ್‌ಕ್ಲಾರ್ಕ್ ಪಾಂಡುರಂಗ ಕಾಮತರು ನನ್ನ ಕುರ್ಚಿಯಲ್ಲಿ ಕೂತು, ತಮ್ಮ ಮಗಳ ವಿವರಗಳನ್ನು ಮುಂಬೈಯ ಯಾರೋ ವರನ ತಂದೆಗೆ ಒಂದೇ ಬೆರಳಿನಿಂದ ಕುಟ್ಟುತ್ತಿರುತ್ತಿದ್ದರು. ನಾನು ಅರ್ಧ ಟೈಪು ಮಾಡಿದ್ದ ಸರಕಾರಿ ಕಾಗದ ಪಕ್ಕದಲ್ಲಿ ಅನಾಥವಾಗಿ ಬಿದ್ದಿರುತ್ತಿತ್ತು.

"ಅರೇ, ಹೆಗಡೇರು ಬಂದ್ರು! ಒಂದೇ ಲೈನ್ ಉಳದದೆ ಮಾರಾಯ್ರೇ, ಹಾಂಗೇ ನಿಂತ್ಕಳಿ," ಎನ್ನುತ್ತಿದ್ದರು. ನನ್ನ ಕುರ್ಚಿಯ ಪಕ್ಕದಲ್ಲಿ ನನ್ನನ್ನೇ ಅರ್ಜಿದಾರನಂತೆ ನಿಲ್ಲಿಸಿ, "ಸುಂದರಿ ಅನ್ನೂಕೆ ಇಂಗ್ಲಿಷಲ್ಲಿ ಸ್ವಲ್ಪ ಕಮ್ಮಿ ಸುಳ್ಳಿನ ಶಬ್ದ ಯಾವ್ದಾದ್ರೂ ಇದ್ಯಾ?" ಎಂದು ಸಲಹೆಯನ್ನೂ ಕೇಳುತ್ತಿದ್ದರು. ಅವರ ನಂತರ ಇನ್ನೊಬ್ಬರು, ಅವರ ನಂತರ ಮತ್ತೊಬ್ಬರು. ಸಂಜೆ ನೋಡಿದರೆ ಯಂತ್ರದ ಮೇಲೆ ಎಲೆಯಡಿಕೆಯ ಸುಣ್ಣದ ಬೆರಳಿನ ಗುರುತು. ಅವರ ಪೈಕಿ ಯಾರೊಬ್ಬರೂ ತಾನು ತಪ್ಪು ಮಾಡುತ್ತಿದ್ದೇನೆ ಎಂದು ಭಾವಿಸಿದ್ದಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಕಳ್ಳನಿಗಾದರೂ ಒಂದಿಷ್ಟು ಅಂಜಿಕೆ ಇರುತ್ತದೆ.

ಹೀಗಿರಲಾಗಿ ನನ್ನ ನೌಕರಿಯನ್ನು ಕಾಯಂ ಮಾಡುವ ಪ್ರಸ್ತಾಪ ಬಂತು. ಐದು ವರ್ಷ ಹಂಗಾಮಿಯಾಗಿ ಕೊಳೆತವನಿಗೆ ಕಾಯಂ ಎಂಬ ಶಬ್ದ ಎಷ್ಟು ಮಧುರ ಎಂದು ಹಂಗಾಮಿಯಾಗಿ ಕೊಳೆತವರೇ ಬಲ್ಲರು. ಕಾಯಂ ಆಗದಿದ್ದರೆ ಅಷ್ಟೇ, ಮನೆಗೆ. ನಮ್ಮ ಸಾಹೇಬರು ಧಾರವಾಡದ ಕಡೆಯವರು, ನಿವೃತ್ತಿಗೆ ಹತ್ತಿರವಾದವರು, ಒಳ್ಳೆಯವರು. ನಾವೆಲ್ಲ ಅವರನ್ನು ಹಳೆಯ ಪದ್ಧತಿಯಂತೆ ರಾವಸಾಹೇಬರು ಎನ್ನುತ್ತಿದ್ದೆವು. ನನ್ನ ಪರವಾಗಿ ಅವರು ಮೇಲಿನ ಕಚೇರಿಗೆ ಒಂದು ಶಿಫಾರಸು ಪತ್ರದ ಕರಡು ಬರೆದುಕೊಟ್ಟರು. ಕಾಗೆಕಾಲಿನಂಥ ಅವರ ಅಕ್ಷರ ಓದಲು ಬರುತ್ತಿದ್ದುದು ನನಗೊಬ್ಬನಿಗೇ. ಕಚೇರಿಯಲ್ಲಿ ಟೈಪಿಸ್ಟ್ ನಾನೊಬ್ಬನೇ ಆದ್ದರಿಂದ ನನ್ನ ಗುಣಗಾನವನ್ನು ನಾನೇ ಟೈಪು ಮಾಡಬೇಕಾಯಿತು. ಮುಖವನ್ನು ಗಂಭೀರವಾಗಿ ಇಟ್ಟುಕೊಂಡು, ಯಾರೋ ಮೂರನೆಯವನ ವಿಷಯವೆಂಬಂತೆ ಹೊಡೆದೆ. ಪತ್ರ ಇಂಗ್ಲಿಷಿನದು; ಅದರ ಕೊನೆಯ ವಾಕ್ಯ, ಕನ್ನಡದಲ್ಲಿ ಹೇಳುವುದಾದರೆ, "ಈತನ ಟೈಪಿಂಗ್ ಸಂಪೂರ್ಣ ನಿರ್ದೋಷವಾಗಿದೆ" ಎಂದಿತ್ತು. ಪೂರ್ಣವಿರಾಮ ಹೊಡೆದವನಿಗೆ ಸಂಕೋಚವಾಯಿತು. ಸ್ವಂತ ಹೊಗಳಿಕೆಯನ್ನು ಸ್ವಂತ ಕೈಯಲ್ಲಿ ಹಿಡಿದು ಸಹಿಗೆ ಒಯ್ಯುವುದು ಮರ್ಯಾದೆಯಲ್ಲ ಅನಿಸಿತು. ಕಾಗದವನ್ನು ಯಂತ್ರದಲ್ಲೇ ಬಿಟ್ಟು, ನಮ್ಮ ಪಟ್ಟೇವಾಲ, ಅಂದರೆ ಜವಾನ, ಮಾಸ್ತಿಗೆ "ಊಟದ ಹೊತ್ತು ಕಳೆದ ಮೇಲೆ ಇದನ್ನು ತೆಗೆದು ಸಾಹೇಬರ ಮುಂದಿಡು" ಎಂದು ಹೇಳಿ, ವಿನಯದ ಮೂರ್ತಿಯಾಗಿ ಮನೆಗೆ ಊಟಕ್ಕೆ ನಡೆದೆ. ಆ ವಿನಯ ನನ್ನನ್ನು ಹಾಳು ಮಾಡಿತು.

ತಿಂಗಳು ಕಳೆದು ಆ ಪತ್ರ ಮೇಲಿನಿಂದ ಹಿಂದಕ್ಕೆ ಬಂತು. ರಾವಸಾಹೇಬರು ಕರೆಸಿದರು. ಮೂಗಿನ ತುದಿಗೆ ಕನ್ನಡಕ ಇಳಿಸಿ ಕಾಗದವನ್ನು ನನ್ನತ್ತ ತಳ್ಳಿದರು.

"ಏನ್ರೀ ಹೆಗಡೇರ, ಇದು ಯಾವ ಭಾಷಾ?"

ನೋಡಿದೆ. "ಈತನ ಟೈಪಿಂಗ್ ಸಂಪೂರ್ಣ ನಿರ್ದೋಷವಾಗಿದೆ" ಎಂಬ ವಾಕ್ಯದ ಕೆಳಗೆ, ಸ್ವಲ್ಪ ಓರೆಯಾಗಿ, ಎ ಎಸ್ ಡಿ ಎಫ್ ಜಿ ಎಫ್, ಎ ಎಸ್ ಡಿ ಎಫ್ ಜಿ ಜಿ, ಎಂದು ಟೈಪಿಂಗ್ ಕಲಿಯುವವರು ಮೊದಲ ದಿನ ಹೊಡೆಯುವಂಥ ಒಂದಿಡೀ ಸಾಲು. ಅದರ ಕೆಳಗೆ ರಾವಸಾಹೇಬರ ಸಹಿ. ಬದಿಯಲ್ಲಿ ಮೇಲಿನ ಕಚೇರಿಯವರ ಕೆಂಪು ಶಾಯಿಯ ಟಿಪ್ಪಣಿ: ನಿರ್ದೋಷ ಎಂಬುದರ ಮುಂದಿನ ಸಾಲಿನ ಅರ್ಥವೇನು, ಸಂಬಂಧಪಟ್ಟ ನೌಕರನು ಹದಿನೈದು ದಿನದೊಳಗೆ ಸ್ಪಷ್ಟೀಕರಣ ಕೊಡತಕ್ಕದ್ದು, ತಪ್ಪಿದಲ್ಲಿ ಆತನನ್ನು ಕಾಯಂ ಮಾಡುವ ಪ್ರಸ್ತಾಪವನ್ನು ಕೈಬಿಡಲಾಗುವುದು.

"ಇದಕ್ಕ ನಾ ಸಹಿ ಮಾಡೀನೇನು?" ಎಂದರು ರಾವಸಾಹೇಬರು, ತಮ್ಮ ಸಹಿಯನ್ನೇ ಸಂಶಯದಿಂದ ನೋಡುತ್ತ.

"ಮಾಡಿದ್ದೀರಿ ಸಾಹೇಬ."

"ಓದದ ಮಾಡೀನಿ. ನಿಮ್ಮ ಟೈಪಿಂಗ್ ನಿರ್ದೋಷ ಅದ ಅಂತ ನಂಬಿ ಮಾಡೀನಿ!"

ಸಹೋದ್ಯೋಗಿಗಳನ್ನು ಒಬ್ಬೊಬ್ಬರಾಗಿ ವಿಚಾರಣೆ ಮಾಡಿದೆ. ಯಾರೂ ಒಪ್ಪಲಿಲ್ಲ. ಕಾಮತರಂತೂ ಆ ಸಾಲನ್ನು ಬೆಳಕಿಗೆ ಹಿಡಿದು ನೋಡಿ, "ನಂದಲ್ಲ. ನಾ ಹೊಡದ್ರೆ ಇಷ್ಟು ಸಾಪಾಗಿ ಬತ್ತಿತ್ತಾ?" ಎಂದರು. ಅದು ನಿರಾಕರಿಸಲಾಗದ ವಾದವಾಗಿತ್ತು. ಅಪರಾಧಿಯ ಹೆಸರನ್ನು ಸೂರ್ಯನ ಬೆಳಕಿಗೆ ತಂದ ಮೇಲೆಯೇ ಸ್ಪಷ್ಟೀಕರಣ ಬರೆಯುತ್ತೇನೆ, ನಾಲ್ಕು ಪುಟ ಬರೆಯುತ್ತೇನೆ, ಕಚೇರಿಯ ಶಿಸ್ತಿನ ಮೇಲೆ ಒಂದು ಪ್ರಕರಣವನ್ನೇ ಬರೆಯುತ್ತೇನೆ ಎಂದು ನಿಶ್ಚಯಿಸಿದೆ. ಅಲ್ಲಿಯ ತನಕ ಯಂತ್ರಕ್ಕೆ ಬೀಗ.

ಟೈಪ್‌ರೈಟರಿಗೆ ಬೀಗ ಹಾಕುವುದು ಹೇಳಿದಷ್ಟು ಸುಲಭವಲ್ಲ. ಅದಕ್ಕೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಅಪ್ಸರಕೊಂಡದ ಕಡೆಯ ಒಬ್ಬ ಆಚಾರಿಯನ್ನು ಕರೆಸಿ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿದೆ. ಆತ ಯಂತ್ರವನ್ನು ಸುತ್ತುಹಾಕಿ ನೋಡಿ, "ಇದ್ಕೆ ಬೀಗ ಎಂತಕ್ಕೆ ಒಡಿಯಾ? ಓಡಿ ಹೋಗ್ತದಾ?" ಎಂದು ಕೇಳಿದ. ಓಡಿಹೋಗುವುದು ನನ್ನ ನೌಕರಿ ಎಂದು ಅವನಿಗೆ ಹೇಗೆ ವಿವರಿಸಲಿ? ಮೊದಲ ಪೆಟ್ಟಿಗೆಯಲ್ಲಿ ಯಂತ್ರ ಹಿಡಿಯಲಿಲ್ಲ. ಟೈಪು ಮಾಡುವಾಗ ಆಚೆ ಈಚೆ ಸರಿಯುವ ಭಾಗವೊಂದು ಯಂತ್ರಕ್ಕಿದೆ, ಅದು ನಟ್ಟನಡುವೆ ಇದ್ದಾಗ ಆತ ಅಳತೆ ತೆಗೆದಿದ್ದ. ಎರಡನೆಯದರಲ್ಲಿ ಹಿಡಿಯಿತು. ಆದರೆ ಯಾವುದೋ ದೇವರನ್ನು ಒಳಗೆ ಕೂರಿಸಿದಂತೆ ಕಾಣುತ್ತಿತ್ತು. ಕಚೇರಿಗೆ ಬಂದ ರೈತರು ಅದರ ಮುಂದೆ ಚಪ್ಪಲಿ ಬಿಡತೊಡಗಿದರು. ಪೇಟೆಯಿಂದ ಒತ್ತಿದರೆ ತಾನೇ ಕಚ್ಚಿಕೊಳ್ಳುವ ಒಂದು ಬೀಗ ತಂದೆ. ಅದರೊಂದಿಗೆ ಎರಡು ಬೀಗದಕೈ. ಒಂದನ್ನು ನಮ್ಮ ಕಡೆ ಅನೇಕರು ಮಾಡುವಂತೆ ಜನಿವಾರಕ್ಕೆ ಕಟ್ಟಿಕೊಂಡೆ. ಇನ್ನೊಂದು ಯಾರ ಕೈಗೂ ಸಿಗಬಾರದು. ಬಹಳ ಯೋಚನೆ ಮಾಡಿ, ಯಾರ ಕೈಯೂ ಹೋಗಲಾರದ ಒಂದೇ ಜಾಗದಲ್ಲಿ, ಅಂದರೆ ಪೆಟ್ಟಿಗೆಯ ಒಳಗೆ, ಇಟ್ಟು ಬೀಗ ಒತ್ತಿದೆ. ಆ ದಿನ ನನ್ನ ಜಾಣತನದ ಬಗ್ಗೆ ನನಗೆ ತುಂಬ ಗೌರವ ಹುಟ್ಟಿತು.

ಮನೆಯಲ್ಲಿ ನನ್ನ ಹೆಂಡತಿ ಜನಿವಾರವನ್ನು ನೋಡಿ ಒಲೆಯ ಮುಂದಿನಿಂದಲೇ, "ಅದೆಂತದು ಕುತ್ತಿಗೆಲ್ಲಿ? ನಮ್ಮನೆ ದೇವರ ಪೆಟ್ಟಿಗೆಗೂ ಇಷ್ಟು ಬಂದೋಬಸ್ತು ಇಲ್ಲೆ," ಎಂದಳು. "ದೇವರ ಪೆಟ್ಟಿಗೆಯನ್ನು ಕಾಮತರು ಬಂದು ತೆರೆಯುವುದಿಲ್ಲ" ಎಂದೆ. "ತೆರೆದ್ರೆ ಕೈ ಮುಗಿತಿದ್ರು. ನಿಂಗಳ ಪೆಟ್ಟಿಗೆಲಿ ಎಂತ ಇದ್ದು ಹೇಳಿ ಕೈ ಮುಗಿಯವ್ವು?" ಎಂದು ಒಗ್ಗರಣೆ ಹಾಕಿದಳು.

ಕಚೇರಿಯಲ್ಲಿ ಬೀಗವನ್ನು ಎಲ್ಲರೂ ತಮ್ಮ ಹಣೆಗೆ ಹಚ್ಚಿದ ಮಸಿಯಂತೆ ಭಾವಿಸಿದರು. ನಮ್ಮೂರಿನ ಜನರ ರೀತಿಯೇ ಹಾಗೆ. ಎದುರಿಗೆ ಮನುಷ್ಯರಿರುವಾಗ ಬೀಗ ಹಾಕಿದರೆ ಅದು ಬೀಗವಲ್ಲ, ಬೈಗುಳ. "ಆತು, ನಾವೆಲ್ಲ ಕಳ್ಳರು," ಎಂದರು ಕಾಮತರು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನದಿಂದ ಮಾತ್ರ ವಿಚಿತ್ರವಾಗಿ ಪ್ರಸನ್ನರಾದರು. ಚಾ ಕುಡಿಯಲು ಹೋಗುವಾಗ ನಾನು ಬೀಗ ಒತ್ತುವ ಸದ್ದು ಕೇಳಿದೊಡನೆ, "ಸಾವಕಾಶ ಬನ್ನಿ ಹೆಗಡೇರೇ, ಇನ್ನೊಂದು ಕಪ್ಪು ಕುಡೀರಿ" ಎಂದು ಎಲ್ಲರೂ ಬೀಳ್ಕೊಡುತ್ತಿದ್ದರು. ಬೀಗದಿಂದ ಮನುಷ್ಯನ ಸ್ವಭಾವವೂ ತಿದ್ದಿಹೋಗುತ್ತದೆ ಎಂದು ನಾನು ತಿಳಿದೆ.

ಅಪರಾಧಿ ಸಿಗಲಿಲ್ಲ, ಅವಧಿ ಮುಗಿಯುತ್ತ ಬಂತು. ಹದಿನಾಲ್ಕನೆಯ ದಿನ ನೂಲಹುಣ್ಣಿಮೆ. ಅದರ ಹಿಂದಿನ ದಿನ ನಾನು ಮಧ್ಯಾಹ್ನವೇ ರಜೆ ಹಾಕಿ ಹೋಗಿದ್ದೆ. ರಾವಸಾಹೇಬರು ಅಂದು ಸಂಜೆಯ ದೋಣಿ ದಾಟಿ ಭಟ್ಕಳಕ್ಕೆ ಕ್ಯಾಂಪು ಹೋಗುವವರಿದ್ದರು. ಹುಣ್ಣಿಮೆಯ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಸಾಲಾಗಿ ಕೂತು ಹೊಸ ಜನಿವಾರ ಹಾಕಿಕೊಂಡೆವು. ಮೋಡ ಕವಿದು ಮಳೆ ಬರುವ ಹಾಗಿತ್ತು; ಪುರೋಹಿತರು ಮಂತ್ರವನ್ನು ಓಡಿಸುತ್ತಿದ್ದರು. ಹಳೆಯದನ್ನು ನೀರಿಗೆ ಬಿಡಿ ಎಂದರು. ಉಳಿದವರು ಸುಮ್ಮನೆ ದಡದಲ್ಲಿ ಬಿಟ್ಟರು. ನಾನು ಹಾಗಲ್ಲ, ಮಾಡುವುದನ್ನು ನೆಟ್ಟಗೆ ಮಾಡುವವನು. ಹಳೆಯ ಜನಿವಾರವನ್ನು ಉಂಡೆ ಮಾಡಿ, ಶರಾವತಿಯ ನಡುಹೊಳೆಗೆ ಗುರಿಯಿಟ್ಟು ಬೀಸಿ ಒಗೆದೆ. ಅದು ಡುಬುಕ್ ಎಂದಿತು.

ನೂಲು ಡುಬುಕ್ ಎನ್ನುವುದಿಲ್ಲ. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು. "ನಿನ್ನ ಜನಿವಾರ ಎಂತಕ್ಕೋ ಅಷ್ಟು ಭಾರ? ವರ್ಷದ ಪಾಪ ಎಲ್ಲ ಅದ್ರಲ್ಲೇ ಇತ್ತಾ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಎದೆ ತಡವಿಕೊಂಡೆ. ಹೊಸ ಜನಿವಾರ ಬೆಳ್ಳಗೆ, ಹಗುರಾಗಿ, ಏನೂ ಇಲ್ಲದೆ ತೂಗುತ್ತಿತ್ತು.

ಮರುದಿನ, ಅವಧಿಯ ಕೊನೆಯ ದಿನ, ನಾನು ಪೆಟ್ಟಿಗೆಯ ಮುಂದೆ ಕೂತಿದ್ದೆ. ಒಂದು ಬೀಗದಕೈ ಶರಾವತಿಯಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿ. ಟಪಾಲಿನ ಬಸ್ಸು ಹನ್ನೆರಡಕ್ಕೆ. ಕೈಯಲ್ಲಿ ಬರೆದು ಕಳಿಸೋಣವೆಂದರೆ, ಟೈಪಿಸ್ಟನೇ ಕೈಯಲ್ಲಿ ಬರೆದಿದ್ದಾನೆ, ಇವನಿಗೆ ಟೈಪಿಂಗೇ ಬರುವುದಿಲ್ಲ, ಎ ಎಸ್ ಡಿ ಎಫ್‌ನ ಅರ್ಥ ಇದೇ ಎಂದು ಮೇಲಿನವರು ತೀರ್ಮಾನ ಮಾಡಿಬಿಟ್ಟಾರು. ಆಚಾರಿಯನ್ನು ಕರೆಸಲು ಸಮಯವಿಲ್ಲ. ಕಲ್ಲು ತಂದು ಬೀಗದ ಮೇಲೆ ಎರಡು ಸಲ ಹಾಕಿದೆ. ಬೀಗಕ್ಕೆ ಏನೂ ಆಗಲಿಲ್ಲ, ಹೆಬ್ಬೆರಳಿಗೆ ಆಯಿತು. ಐದು ವರ್ಷದ ಹಂಗಾಮಿ ಬದುಕು ನಾನೇ ಮಾಡಿಸಿದ ಹಲಸಿನ ಪೆಟ್ಟಿಗೆಯಲ್ಲಿ ಮುಗಿಯುವುದನ್ನು ನೋಡುತ್ತ, ಬೆರಳು ಬಾಯಲ್ಲಿಟ್ಟುಕೊಂಡು ಕೂತೆ. ಕಾಮತರು ಹಬ್ಬದ ರಜೆಗೆ ಇನ್ನೊಂದು ದಿನ ಜೋಡಿಸಿಕೊಂಡಿದ್ದರು. ಕಚೇರಿಯಲ್ಲಿ ಮಾಸ್ತಿಯೊಬ್ಬನೇ ನೆಲ ಗುಡಿಸುತ್ತಿದ್ದ. ನಾಲ್ಕು ಸಲ ಗುಡಿಸಿದ ಜಾಗವನ್ನೇ ಐದನೆಯ ಸಲ ಗುಡಿಸಿ, ಕಡೆಗೆ ಕೆಮ್ಮಿದ.

"ಹೆಗಡೇರೇ, ಒಂದ್ ಗಳಿಗೆ ಆಚಿಗೆ ಮಖ ಮಾಡ್ಕಣಿ."

"ಎಂತಕ್ಕೆ?"

"ನೀವು ನೋಡ್ರೆ ಬೇಜಾರ ಮಾಡ್ಕಣ್ತ್ರಿ."

ನಾನು ಮುಖ ತಿರುಗಿಸಲಿಲ್ಲ. ಮಾಸ್ತಿ ನಿಟ್ಟುಸಿರು ಬಿಟ್ಟು, ಕೈಯೆತ್ತಿ ಮಾಡಿನ ಹಂಚಿನ ಸಂದಿಯಿಂದ ಕೊಡೆಯ ಒಂದು ಕಡ್ಡಿ ತೆಗೆದ. ಬೀಗದೊಳಗೆ ತೂರಿಸಿ, ಕಿವಿ ಕೆರೆದಂತೆ ಒಮ್ಮೆ ತಿರುಗಿಸಿದ. ಬೀಗ ಬಾಯಿಬಿಟ್ಟಿತು. ನಾನೂ ಬಿಟ್ಟೆ.

"ಇದು ಯಾವಾಗಿನಿಂದ?"

"ಬೀಗ ಬಂದ ಮೂರ್ನೇ ದಿನದಿಂದ."

"ಮೊದಲೆರಡು ದಿನ?"

"ಕಡ್ಡಿ ಸಿಕ್ಕಿರ್ಲಿಲ್ಲ," ಎಂದ ಮಾಸ್ತಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಎಲ್ರೂ ಉಪಯೋಗ್ಸಿ ಮತ್ತೆ ಅಲ್ಲೇ ಇಡ್ತ್ರು. ಯಾರೂ ಮನೀಗೆ ತಕಂಡು ಹೋಗುದಿಲ್ಲ. ಸರಕಾರಿ ವಸ್ತು ಅಲ್ರಾ?"

ಇಷ್ಟು ದಿನ ಆ ಬೀಗ ಇಡೀ ಕಚೇರಿಯಲ್ಲಿ ತಡೆದದ್ದು ನನ್ನೊಬ್ಬನನ್ನು. ಮುಚ್ಚಳ ಎತ್ತಿದೆ. ಯಂತ್ರದಲ್ಲಿ ಒಂದು ಕಾಗದ ಇತ್ತು. ಮೇಲೆ 'ಗುಪ್ತ ವರದಿ' ಎಂದಿತ್ತು. ಅದರ ಕೆಳಗೆ ನನ್ನ ಹೆಸರಿತ್ತು.

"ಅದು ರಾವಸಾಹೇಬ್ರದ್ದು," ಎಂದ ಮಾಸ್ತಿ. "ಮೊನ್ನೆ ನೀವು ಹೋದ್ಮೇಲೆ ಕೂತ್ಕಂಡು ಹೊಡೀತಿದ್ರು. ದೋಣಿಯವ ಕೂಗ್ದ. ಅರ್ಧಕ್ಕೇ ಬಿಟ್ಟು, ಬೀಗ ಒತ್ತಿ ಓಡಿದ್ರು. ಎರಡು ತಿಂಗಳಾತು ಕಲೀತಾ ಇದ್ರು, ದಿನಾ ನೀವು ಊಟಕ್ಕೆ ಹೋದಾಗ. ಅವ್ರ ಕೈ ನಡಗ್ತದಲ್ರಾ, ಬರದ್ರೆ ಅವ್ರಿಗೇ ಓದೂಕೆ ಆಗುದಿಲ್ಲ. ನಿಮ್ಮ ಮೇಲಿನ ಗುಟ್ಟಿನ ಕಾಗದಾನ ನಿಮ್ಮ ಹತ್ರನೇ ಹೊಡ್ಸುಕೆ ಆಗ್ತದಾ?"

ಕಾಗದದ ಮೇಲಿನ ಅಕ್ಷರಗಳನ್ನು ನೋಡಿದೆ. 'ಎ' ಮಸುಕು, ಕಿರುಬೆರಳಿಗೆ ಬಲವಿಲ್ಲ. 'ಜಿ' ಮಾತ್ರ ಕಾಗದ ಹರಿಯುವಷ್ಟು ಜೋರು. ಶಿಫಾರಸು ಪತ್ರದ ಕೆಳಗಿನ ಆ ಸಾಲಿನಲ್ಲೂ ಹೀಗೇ ಇತ್ತು. ಪಾಪ, ಯಂತ್ರದಲ್ಲಿದ್ದ ಕಾಗದ ಯಾವುದೆಂದು ನೋಡದೆ ಅಭ್ಯಾಸ ಮಾಡಿದ್ದಾರೆ, ಆಮೇಲೆ ತಮ್ಮ ಅಭ್ಯಾಸದ ಕೆಳಗೇ ಸಹಿ ಮಾಡಿದ್ದಾರೆ. ಅಪರಾಧಿ ಸೂರ್ಯನ ಬೆಳಕಿಗೆ ಬಂದಿದ್ದ. ಅವನನ್ನು ಹೆಸರಿಸಿ ನಾಲ್ಕು ಪುಟ ಬರೆಯುವ ಅವಕಾಶವೂ ನನ್ನ ಮುಂದಿತ್ತು. ಬರೆದರೆ ನಿವೃತ್ತಿಯ ಅಂಚಿನಲ್ಲಿರುವ ಆ ಮನುಷ್ಯನ ನಡುಗುವ ಕೈಯ ಸುದ್ದಿ ಮೇಲಿನವರಿಗೆ ಮುಟ್ಟುತ್ತಿತ್ತು. ಅವರ ಕಾಗದವನ್ನು ಮೆಲ್ಲಗೆ ತೆಗೆದಿಟ್ಟೆ. ಬೇರೆ ಹಾಳೆ ಹಾಕಿ ಒಂದೇ ವಾಕ್ಯ ಹೊಡೆದೆ: ಸದರಿ ಸಾಲು, ಯಂತ್ರದ ಗುಂಡಿಗಳು ಸರಿಯಾಗಿವೆಯೇ ಎಂದು ನಾನೇ ಪರೀಕ್ಷಿಸಿದ್ದರ ಫಲ, ಅಜಾಗರೂಕತೆಗಾಗಿ ವಿಷಾದಿಸುತ್ತೇನೆ. ಸಹಿ ಹಾಕಿ ಲಕೋಟೆಯಲ್ಲಿಟ್ಟು, ಬಸ್ಸಿಗೆ ಕೊಡಲೆಂದು ಮಾಸ್ತಿಯ ಬದಿಗೆ ಇಟ್ಟೆ. ಇಷ್ಟು ಉದಾತ್ತವಾದ ಕೆಲಸವನ್ನು ನಾನು ಅದಕ್ಕೆ ಮೊದಲೂ ಮಾಡಿದವನಲ್ಲ, ಆಮೇಲೂ ಮಾಡಿದವನಲ್ಲ.

ಇನ್ನು ರಾವಸಾಹೇಬರ ಕಾಗದವನ್ನು ಮೊದಲಿದ್ದ ಹಾಗೇ ಯಂತ್ರಕ್ಕೆ ಏರಿಸಬೇಕಿತ್ತು. ಸಾಲಿಗೆ ಸಾಲು ಹೊಂದಿಸುವುದೆಂದರೆ ಓದಲೇಬೇಕಲ್ಲ. ಓದುವುದು ಅನಿವಾರ್ಯವಾದದ್ದರಿಂದ ಎರಡು ಸಲ ಓದಿದೆ. "ಕೆಲಸದಲ್ಲಿ ನಿಪುಣ. ಹಾಜರಾತಿ ತೃಪ್ತಿಕರ. ಆದರೆ ಸ್ವಭಾವದಿಂದ ಈತನು" ಎಂದು ಬರೆದು ಅಲ್ಲಿಗೆ ನಿಂತಿತ್ತು. ಅಲ್ಲಿ ದೋಣಿಯವನು ಕೂಗಿದ್ದ.

ಆದರೆ! 'ಆದರೆ' ಆದ ಮೇಲೆ ಒಳ್ಳೆಯದು ಬಂದದ್ದನ್ನು ಸರಕಾರಿ ಕಾಗದಗಳಲ್ಲಿ ನಾನು ಕಂಡವನಲ್ಲ. ಸಂಶಯಗ್ರಸ್ತ ಎನ್ನಲಿದ್ದರೋ? ಜಗಳಗಂಟ ಎನ್ನಲಿದ್ದರೋ? ಪೆಟ್ಟಿಗೆ ಮಾಡಿಸಿದವನಿಗೆ ಯಾವುದೂ ಸಲ್ಲುತ್ತಿತ್ತು. ಅದೊಂದು ಶಬ್ದ ಸಾಕು, ಸ್ಪಷ್ಟೀಕರಣ ಎಷ್ಟು ಉದಾತ್ತವಾಗಿದ್ದರೇನು, ನಾನು ಮನೆಗೆ ಹೋಗುವುದಕ್ಕೆ. ಗುಂಡಿಗಳು ಹತ್ತಿರದಲ್ಲಿದ್ದವು. ಕುರ್ಚಿ ನನ್ನದೇ. ಬೆರಳುಗಳು ನೋಡದೆಯೇ ಹೊಡೆಯಬಲ್ಲವು. ಆ ದಿನ ನಾನು ನಿಜವಾಗಿಯೂ ನೋಡಲಿಲ್ಲ. 'ಎ' ಅನ್ನು ಮಸುಕಾಗಿ, 'ಜಿ' ಅನ್ನು ಜೋರಾಗಿ ಹೊಡೆಯಲು ಮಾತ್ರ ಮರೆಯಲಿಲ್ಲ. ಎರಡು ಶಬ್ದ, ಒಂದು ಪೂರ್ಣವಿರಾಮ.

"ಎಂತ ಹೊಡದ್ರಿ?" ಎಂದ ಮಾಸ್ತಿ.

"ಏನಿಲ್ಲ. ಗುಂಡಿ ಸರಿ ಇದ್ಯಾ ಅಂತ ನೋಡ್ದೆ" ಎಂದು, ಒಳಗಿದ್ದ ಬೀಗದಕೈಯನ್ನು ತೆಗೆದುಕೊಂಡು, ಮುಚ್ಚಳ ಇಳಿಸಿ ಬೀಗ ಒತ್ತಿದೆ.

ತಿಂಗಳು ತುಂಬುವ ಮೊದಲು ನನ್ನನ್ನು ಕಾಯಂ ಮಾಡಿದ ಹುಕುಂ ಬಂತು. ಮುಂದೆ ಯಂತ್ರದ ಗುಂಡಿಗಳನ್ನು ಬೇರೆ ಕಾಗದದ ಮೇಲೆ ಪರೀಕ್ಷಿಸತಕ್ಕದ್ದು ಎಂಬ ಎಚ್ಚರಿಕೆಯೂ ಜೊತೆಗಿತ್ತು. ರಾವಸಾಹೇಬರು ಕರೆದು, ನಡುಗುವ ಕೈಯಿಂದ ನನ್ನ ಕೈ ಹಿಡಿದು ಕುಲುಕಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ನಿಮ್ಮ ಸ್ವಭಾವದ ಬಗ್ಗೆ ಏನೋ ಒಂದು ಮಾತು ಬರೀಬೇಕಂತಿದ್ದೆ ನೋಡ್ರಿ ಹೆಗಡೇರ. ಬರದ್ನೋ ಬಿಟ್ನೋ, ನೆನಪ ಆಗವಲ್ತು. ನಿಮಗೇನರ ಗೊತ್ತದ ಏನು?" ಎಂದು ಕೇಳಿದರು.

"ಗುಪ್ತ ವರದಿಯ ಸಂಗತಿ ನನಗೆ ಹೇಗೆ ಗೊತ್ತಾಗಬೇಕು ಸಾಹೇಬ?" ಎಂದು, 'ಸ್ವಭಾವದಿಂದ ಅತ್ಯಂತ ಪ್ರಾಮಾಣಿಕ'ನಾದ ನಾನು ಉತ್ತರ ಕೊಟ್ಟೆ.